ಗೂಗಲ್ ಕ್ಯಾಲೆಂಡರ್‌ನ ಕಾರ್ಯಕ್ರಮಗಳನ್ನು ನಿಮ್ಮ ಜಾಲತಾಣದಲ್ಲಿ ತೋರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಯಕ್ಷಗಾನ ಮೇಳವೊಂದು ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟಿತೆಂದರೆ ತಿರುಗಾಟ ಮುಗಿಯುವ ದಿನವಾದ ಮೇ ತಿಂಗಳ ಪತ್ತನಾಜೆಯವರೆಗೂ ಇವತ್ತು ಒಂದೂರು, ನಾಳೆ ಇನ್ನೊಂದೂರು. ನಡುವೆ ಆಟ (ಪ್ರದರ್ಶನ) ಆಡಿಸುವ ಸೇವಾಕರ್ತರ ಮನೆಯಲ್ಲಿ ಸೂತಕ ಬಂದು ಆಟದ ದಿನ ಮುಂದಕ್ಕೆ ಹೋಗುತ್ತದೆ. ಅಕಾಲದ ಮಳೆ ಸುರಿದು ಗದ್ದೆಯಲ್ಲಿ ಆಗಬೇಕಾದದ್ದು ಸಭಾಭವನಕ್ಕೆ ಸರಿಯುತ್ತದೆ. ಬದಲಾದ ವಿವರ ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್ ಆಗಿ ಹರಿದಾಡುತ್ತದೆ, ಮೇಳದ ಜಾಲತಾಣ ಮಾತ್ರ ಹಳೆಯ ಪಟ್ಟಿಯನ್ನೇ ಹಿಡಿದು ಕುಳಿತಿರುತ್ತದೆ. ಅದನ್ನು ನಂಬಿ ದೂರದಿಂದ ಬಂದ ಪ್ರೇಕ್ಷಕ ಮತ್ತೆ ಆ ಪುಟವನ್ನು ತೆರೆಯುವುದಿಲ್ಲ.

ಸಂಗೀತ ಸಭೆ, ಗ್ರಾಮದ ಗ್ರಂಥಾಲಯ, ಹೊರನಾಡಿನ ಕನ್ನಡ ಸಂಘ, ಎಲ್ಲ ಕಡೆಯೂ ತೊಂದರೆಯ ಬೇರು ಒಂದೇ. ಕಾರ್ಯಕ್ರಮದ ವಿವರವನ್ನು ಎರಡು ಮೂರು ಕಡೆ ಬೇರೆ ಬೇರೆಯಾಗಿ ಬರೆಯುತ್ತೇವೆ, ತಿದ್ದುವಾಗ ಒಂದು ಕಡೆ ಮರೆಯುತ್ತೇವೆ. ಆದ್ದರಿಂದ ಬರೆಯುವುದು ಒಂದೇ ಕಡೆ, ಅಂದರೆ ಆನ್‌ಲೈನ್ ಕ್ಯಾಲೆಂಡರ್‌ನಲ್ಲಿ ಎಂದು ನಿಶ್ಚಯಿಸಿಕೊಳ್ಳಿ. ತಾಣ ತಾನಾಗಿಯೇ ಅದನ್ನು ಅಲ್ಲಿಂದ ಓದಿಕೊಳ್ಳಲಿ. ಈ ಲೇಖನದಲ್ಲಿ ಗೂಗಲ್ ಕ್ಯಾಲೆಂಡರ್ ಬಳಸಿ, ಮೇಳವೊಂದರ ತಿರುಗಾಟದ ಪಟ್ಟಿಯನ್ನು ಉದಾಹರಣೆಯಾಗಿಟ್ಟುಕೊಂಡು ಪೂರ್ತಿ ಕೆಲಸವನ್ನು ವಿವರಿಸುತ್ತೇನೆ. ಕೋಡ್ ಬರೆಯಲು ಬಾರದವರು ಎಂಬೆಡ್ ಮಾಡುವ, ಅಂದರೆ ಕ್ಯಾಲೆಂಡರ್ ಅನ್ನು ಹಾಗೆಯೇ ಪುಟದೊಳಗೆ ಕೂರಿಸುವ ವಿಧಾನದವರೆಗೆ ಓದಿದರೂ ಕೆಲಸ ಆಗುತ್ತದೆ.

ಮೊದಲು ಬೇರೆಯದೇ ಒಂದು ಕ್ಯಾಲೆಂಡರ್ ಮಾಡಿ

ನಿಮ್ಮ ಖಾತೆಯೊಂದಿಗೆ ಬಂದಿರುವ ಸ್ವಂತ ಕ್ಯಾಲೆಂಡರ್ ಅನ್ನು ಎಂದಿಗೂ ಸಾರ್ವಜನಿಕಗೊಳಿಸಬೇಡಿ. ಅದರಲ್ಲಿ ವೈದ್ಯರ ಭೇಟಿ, ಬ್ಯಾಂಕ್ ಕೆಲಸ, ಮನೆಯವರ ಹುಟ್ಟುಹಬ್ಬ ಎಲ್ಲವೂ ಇರುತ್ತವೆ. ಅಷ್ಟೇ ಅಲ್ಲ, ಆ ಕ್ಯಾಲೆಂಡರ್‌ನ ಗುರುತು ಎಂದರೆ ನಿಮ್ಮ ಇಮೇಲ್ ವಿಳಾಸವೇ ಆಗಿರುವುದರಿಂದ ಅದೂ ತಾಣದಲ್ಲಿ ಬಯಲಾಗುತ್ತದೆ. ಸಾಧ್ಯವಾದರೆ ಸಂಸ್ಥೆಯ ಹೆಸರಿನಲ್ಲೇ ಒಂದು ಗೂಗಲ್ ಖಾತೆ ತೆರೆಯಿರಿ. ಕಾರ್ಯದರ್ಶಿ ಬದಲಾದರೂ ಕ್ಯಾಲೆಂಡರ್ ಉಳಿಯುತ್ತದೆ.

ಇದನ್ನು ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ಮಾಡಬೇಕು, ಮೊಬೈಲ್ ಆ್ಯಪ್‌ನಲ್ಲಿ ಹಂಚಿಕೆಯ ಈ ಸೆಟ್ಟಿಂಗ್‌ಗಳು ಸಿಗುವುದಿಲ್ಲ. ಎಡಬದಿಯ ಪಟ್ಟಿಯಲ್ಲಿ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಕೂಡು ಚಿಹ್ನೆಯನ್ನು ಒತ್ತಿ ‘ಕ್ರಿಯೇಟ್ ನ್ಯೂ ಕ್ಯಾಲೆಂಡರ್’ ಆರಿಸಿ. ಹೆಸರು ಕನ್ನಡದಲ್ಲೇ ಇರಲಿ. ಸಮಯ ವಲಯ ಏಷ್ಯಾ/ಕೋಲ್ಕತ್ತಾ ಎಂದೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ವಿದೇಶದಲ್ಲಿ ಕುಳಿತು ಊರಿನ ಸಂಸ್ಥೆಯ ತಾಣ ನೋಡಿಕೊಳ್ಳುವವರು ಈ ಒಂದು ಸಾಲನ್ನು ಎರಡು ಬಾರಿ ನೋಡಬೇಕು.

ಕಟೀಲು, ಮಂದಾರ್ತಿಯಂತಹ ಕ್ಷೇತ್ರಗಳಿಂದ ಒಂದಕ್ಕಿಂತ ಹೆಚ್ಚು ಮೇಳಗಳು ಹೊರಡುತ್ತವೆ. ಅಂತಹ ಕಡೆ ಮೇಳಕ್ಕೊಂದು ಕ್ಯಾಲೆಂಡರ್ ಇರುವುದು ಒಳ್ಳೆಯದು. ಒಂದೇ ರಾತ್ರಿ ಬೇರೆ ಬೇರೆ ಊರುಗಳಲ್ಲಿ ಆಟ ಇದ್ದಾಗ ಒಂದೊಂದಕ್ಕೂ ಒಂದು ಬಣ್ಣ ಕೊಟ್ಟು ತಾಣದಲ್ಲಿ ಒಟ್ಟಿಗೆ ತೋರಿಸಬಹುದು.

ಮ್ಯಾನೇಜರ್, ಭಾಗವತರು, ಕಾರ್ಯದರ್ಶಿ ಮೂವರೂ ಪಟ್ಟಿ ತಿದ್ದಬೇಕೆಂದರೆ ಪಾಸ್‌ವರ್ಡ್ ಹಂಚಬೇಕಾಗಿಲ್ಲ. ಕ್ಯಾಲೆಂಡರ್‌ನ ಸೆಟ್ಟಿಂಗ್‌ನಲ್ಲಿ ಅವರವರ ಇಮೇಲ್ ಸೇರಿಸಿ, ‘ಮೇಕ್ ಚೇಂಜಸ್ ಟು ಇವೆಂಟ್ಸ್’ ಎಂಬ ಅನುಮತಿ ಕೊಡಿ.

ನಮೂದಿಸುವುದರಲ್ಲೇ ಅರ್ಧ ಕೆಲಸ

ತಾಣದ ಪುಟ ಎಷ್ಟೇ ಚೆಂದವಿದ್ದರೂ ಕ್ಯಾಲೆಂಡರ್‌ನಲ್ಲಿ ‘ಆಟ’ ಎಂದಷ್ಟೇ ಬರೆದಿದ್ದರೆ ಅಲ್ಲಿಯೂ ‘ಆಟ’ ಎಂದಷ್ಟೇ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ತಂತ್ರಜ್ಞಾನಕ್ಕಿಂತ ಇಲ್ಲಿ ಹೆಚ್ಚು ಹೊತ್ತು ಕೊಡಬೇಕು. ಒಂದು ನಮೂದನ್ನು ಹತ್ತಿರದಿಂದ ನೋಡೋಣ.

ಶೀರ್ಷಿಕೆ: ಬ್ರಹ್ಮಾವರ, ಸೇವೆ ಆಟ
ಆರಂಭ: ಶನಿವಾರ ಸಂಜೆ 6.30
ಮುಕ್ತಾಯ: ಶನಿವಾರ ರಾತ್ರಿ 11.30
ಸ್ಥಳ: ಶಾಲಾ ಮೈದಾನ, ಬ್ರಹ್ಮಾವರ, ಉಡುಪಿ ಜಿಲ್ಲೆ
ವಿವರಣೆ: ಪ್ರಸಂಗದ ಹೆಸರು, ಕಾಲಮಿತಿ ಪ್ರಯೋಗ, ಉಚಿತ ಪ್ರವೇಶ

ಊರಿನ ಹೆಸರು ಮೊದಲು ಬಂದಿರುವುದನ್ನು ಗಮನಿಸಿ. ಎಲ್ಲ ಶೀರ್ಷಿಕೆಗಳೂ ‘ಶ್ರೀ ಕ್ಷೇತ್ರ’ ಎಂದೋ ಮೇಳದ ಹೆಸರಿನಿಂದಲೋ ಆರಂಭವಾದರೆ ಮೊಬೈಲ್‌ನ ಸಣ್ಣ ಚೌಕದಲ್ಲಿ ಮೂವತ್ತು ದಿನವೂ ‘ಶ್ರೀ ಕ್ಷೇ…’ ಎಂದೇ ಕಾಣುತ್ತದೆ, ಓದುಗನಿಗೆ ಏನೂ ತಿಳಿಯುವುದಿಲ್ಲ.

ಸ್ಥಳದ ಜಾಗದಲ್ಲಿ ತಾಲ್ಲೂಕು ಅಥವಾ ಜಿಲ್ಲೆ ಇರಲೇಬೇಕು. ಸಿದ್ದಾಪುರ ಎಂದಷ್ಟೇ ಬರೆದರೆ ಯಾವ ಸಿದ್ದಾಪುರ? ಉತ್ತರ ಕನ್ನಡದಲ್ಲೊಂದಿದೆ, ಕುಂದಾಪುರದ ಕಡೆ ಇನ್ನೊಂದಿದೆ, ಕೊಡಗಿನಲ್ಲಿ ಮತ್ತೊಂದು. ಆ ಸಾಲನ್ನು ಒತ್ತಿದವರನ್ನು ಗೂಗಲ್ ಮ್ಯಾಪ್ಸ್ ಕರೆದೊಯ್ಯುವುದು ನೀವು ಬರೆದ ಅಕ್ಷರಗಳನ್ನು ನಂಬಿ.

ಇಡೀ ರಾತ್ರಿಯ ಆಟವಾದರೆ ಮುಕ್ತಾಯದ ದಿನಾಂಕವನ್ನು ಮರುದಿನಕ್ಕೆ ಬದಲಿಸಬೇಕು. ನಾವು ಮಾತಿನಲ್ಲಿ ‘ಶನಿವಾರ ರಾತ್ರಿ ಹನ್ನೆರಡೂವರೆಗೆ’ ಎನ್ನುವ ಹೊತ್ತು ಕ್ಯಾಲೆಂಡರ್‌ಗೆ ಭಾನುವಾರ. ದಿನಾಂಕ ತಪ್ಪಾಗಿ ಬೀಳುವುದು ಹೆಚ್ಚಾಗಿ ಇಲ್ಲಿಯೇ.

ಪುನರಾವರ್ತನೆಯ ಸೌಲಭ್ಯವನ್ನು ನೋಡಿ ಬಳಸಿ. ಪ್ರತಿ ತಿಂಗಳ ಎರಡನೇ ಶನಿವಾರದ ತಾಳಮದ್ದಳೆ, ನವೆಂಬರ್ 1ರ ರಾಜ್ಯೋತ್ಸವ ಇವಕ್ಕೆಲ್ಲ ಅದು ಸರಿ. ಪಂಚಾಂಗವನ್ನು ಅನುಸರಿಸುವ ಹಬ್ಬಗಳಿಗೆ ‘ಪ್ರತಿ ವರ್ಷ’ ಎಂದು ಕೊಟ್ಟರೆ ಮರುವರ್ಷ ತಪ್ಪು ದಿನ ತೋರಿಸುತ್ತದೆ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಇಂಥವನ್ನು ಪ್ರತಿ ವರ್ಷವೂ ಪಂಚಾಂಗ ನೋಡಿ ಹೊಸದಾಗಿ ಸೇರಿಸುವುದಲ್ಲದೆ ಬೇರೆ ದಾರಿಯಿಲ್ಲ.

ಇನ್ನೊಂದು ಕಟ್ಟುನಿಟ್ಟಿನ ಮಾತು: ರದ್ದಾದ ಕಾರ್ಯಕ್ರಮವನ್ನು ಅಳಿಸಬೇಡಿ. ಅಳಿಸಿದರೆ ಅದು ಸದ್ದಿಲ್ಲದೆ ಮಾಯವಾಗುತ್ತದೆ, ಮೊನ್ನೆ ನೋಡಿ ಮನಸ್ಸಿನಲ್ಲಿಟ್ಟುಕೊಂಡವರಿಗೆ ವಿಷಯ ತಿಳಿಯುವುದೇ ಇಲ್ಲ. ಶೀರ್ಷಿಕೆಯ ಮುಂದೆ ‘ರದ್ದಾಗಿದೆ’ ಎಂದು ಸೇರಿಸಿ, ಆ ದಿನ ಕಳೆಯುವವರೆಗೆ ಹಾಗೆಯೇ ಬಿಡಿ.

ಸಾರ್ವಜನಿಕಗೊಳಿಸುವುದು

ಎಡಬದಿಯಲ್ಲಿ ಹೊಸ ಕ್ಯಾಲೆಂಡರ್‌ನ ಹೆಸರಿನ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ ‘ಸೆಟ್ಟಿಂಗ್ಸ್ ಅಂಡ್ ಶೇರಿಂಗ್’ ತೆರೆಯಿರಿ. ‘ಆಕ್ಸೆಸ್ ಪರ್ಮಿಶನ್ಸ್’ ಎಂಬ ಭಾಗದಲ್ಲಿ ‘ಮೇಕ್ ಅವೈಲಬಲ್ ಟು ಪಬ್ಲಿಕ್’ ಎಂಬುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ‘ಸೀ ಆಲ್ ಇವೆಂಟ್ ಡೀಟೇಲ್ಸ್’ ಆರಿಸಿ. ಅದರ ಬದಲು ‘ಫ್ರೀ/ಬ್ಯುಸಿ’ ಆಯ್ಕೆ ಉಳಿದರೆ ತಾಣದಲ್ಲಿ ಎಲ್ಲ ಆಟಗಳೂ ‘ಬ್ಯುಸಿ’ ಎಂದಷ್ಟೇ ಕಾಣುತ್ತವೆ. ಕಾಲೇಜು ಅಥವಾ ಕಂಪನಿಯ ಖಾತೆಯಾಗಿದ್ದರೆ ಪೂರ್ತಿ ವಿವರ ತೋರಿಸುವ ಆಯ್ಕೆಯನ್ನು ಅಲ್ಲಿನ ನಿರ್ವಾಹಕರು ಮುಚ್ಚಿರಬಹುದು. ಆಗ ಅವರನ್ನೇ ಕೇಳಬೇಕು.

ಈ ಕ್ಷಣದಿಂದ ವಿವರಣೆಯ ಜಾಗದಲ್ಲಿ ಬರೆದ ಪ್ರತಿ ಅಕ್ಷರವೂ ಲೋಕಕ್ಕೆಲ್ಲ ಕಾಣುತ್ತದೆ. ಸೇವಾಕರ್ತರ ಮೊಬೈಲ್ ಸಂಖ್ಯೆ, ಕಲಾವಿದರ ಸಂಭಾವನೆ, ‘ಮುಂಗಡ ಬಾಕಿ’ ಮುಂತಾದ ಒಳಗಿನ ಟಿಪ್ಪಣಿಗಳಿಗೆ ಬೇರೆ ಖಾಸಗಿ ಕ್ಯಾಲೆಂಡರ್ ಇರಲಿ.

ಸುಲಭದ ದಾರಿ: ಎಂಬೆಡ್

ಅದೇ ಸೆಟ್ಟಿಂಗ್ ಪುಟದಲ್ಲಿ ಕೆಳಗೆ ‘ಇಂಟಿಗ್ರೇಟ್ ಕ್ಯಾಲೆಂಡರ್’ ಎಂಬ ಭಾಗವಿದೆ. ಕ್ಯಾಲೆಂಡರ್ ಐಡಿ, ಸಾರ್ವಜನಿಕ ವಿಳಾಸ, ಎಂಬೆಡ್ ಕೋಡ್, ಐಕ್ಯಾಲ್ ವಿಳಾಸಗಳು ಎಲ್ಲವೂ ಅಲ್ಲಿವೆ. ಎಂಬೆಡ್ ಕೋಡ್ ಅನ್ನು ನೇರವಾಗಿ ನಕಲು ಮಾಡದೆ, ಅದರ ಕೆಳಗಿನ ‘ಕಸ್ಟಮೈಸ್’ ಗುಂಡಿಯನ್ನು ಒತ್ತಿ. ತೆರೆಯುವ ಪುಟದಲ್ಲಿ ಹೀಗೆ ಮಾಡಿ.

1. ನೋಟವನ್ನು ತಿಂಗಳಿನಿಂದ ಪಟ್ಟಿಗೆ ಬದಲಿಸಿ. ಹಳೆಯ ಕೋಡ್‌ಗಳಲ್ಲಿ ಇದಕ್ಕೆ ‘ಅಜೆಂಡಾ’ ಎಂಬ ಹೆಸರು. ತಿಂಗಳ ಚೌಕಗಳು ಗೋಡೆಯ ಕ್ಯಾಲೆಂಡರ್‌ಗೆ ಸರಿ, ಅಂಗೈಯಗಲದ ಪರದೆಗೆ ಅಲ್ಲ. ‘ಮುಂದಿನ ಆಟ ಎಲ್ಲಿ?’ ಎಂದು ಕೇಳಿಕೊಂಡು ಬಂದವನಿಗೆ ಇಂದಿನಿಂದ ಆರಂಭವಾಗುವ ಪಟ್ಟಿಯೇ ಬೇಕು.

2. ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ವಾರ, ತಿಂಗಳ ಹೆಸರುಗಳು ಕನ್ನಡದಲ್ಲಿ ಬರುತ್ತವೆ.

3. ಸಮಯ ವಲಯ ಭಾರತದ್ದೇ ಇರಲಿ. ಆಟ ನೋಡಲು ಊರಿಗೇ ಬರಬೇಕಾದ್ದರಿಂದ ಅಲ್ಲಿಯ ಗಡಿಯಾರವೇ ಮುಖ್ಯ.

4. ಮುದ್ರಣದ ಚಿಹ್ನೆ, ಟ್ಯಾಬ್‌ಗಳು, ಸಮಯ ವಲಯದ ಸಾಲು ಇವುಗಳ ಗುರುತು ತೆಗೆಯಿರಿ. ಶೀರ್ಷಿಕೆಯನ್ನೂ ತೆಗೆಯಬಹುದು, ನಿಮ್ಮ ಪುಟಕ್ಕೆ ಹೇಗೂ ಒಂದು ತಲೆಬರಹ ಇರುತ್ತದೆ. ಹಲವು ಮೇಳಗಳಿದ್ದರೆ ಕ್ಯಾಲೆಂಡರ್‌ಗಳ ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳಿ ಮತ್ತು ಸೇರಬೇಕಾದ ಎಲ್ಲ ಕ್ಯಾಲೆಂಡರ್‌ಗಳಿಗೂ ಗುರುತು ಹಾಕಿ.

ಮೇಲೆ ಸಿಗುವ ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟವನ್ನು ತೋರಿಸುವ ಚೌಕಟ್ಟು) ಕೋಡ್ ಅನ್ನು ನಕಲು ಮಾಡಿ ನಿಮ್ಮ ಪುಟದ ಎಚ್‌ಟಿಎಂಎಲ್‌ಗೆ ಅಂಟಿಸಿ. ಕೋಡ್‌ನಲ್ಲಿ ಅಗಲ 800, ಎತ್ತರ 600 ಎಂದು ಪಿಕ್ಸೆಲ್ ಲೆಕ್ಕದಲ್ಲಿರುತ್ತದೆ. ಅಗಲದ 800 ಅಳಿಸಿ ಅಲ್ಲಿ 100% ಎಂದು ಬರೆಯಿರಿ, ಇಲ್ಲದಿದ್ದರೆ ಮೊಬೈಲ್‌ನಲ್ಲಿ ಪುಟ ಬಲಕ್ಕೆ ಚಾಚಿಕೊಳ್ಳುತ್ತದೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗಾಗಿ ಐಫ್ರೇಮ್‌ಗೆ ‘ಮೇಳದ ತಿರುಗಾಟದ ಪಟ್ಟಿ’ ಎಂಬ ಟೈಟಲ್ ಕೊಡಿ. ಪೋಸ್ಟರ್‌ನ ಚಿತ್ರ ಹಾಕಿ ಕೈತೊಳೆದುಕೊಳ್ಳುವ ತಾಣಗಳು ಇವರನ್ನು ಪೂರ್ತಿ ಮರೆತಿವೆ.

ವರ್ಡ್‌ಪ್ರೆಸ್‌ನಲ್ಲಿ ‘ಕಸ್ಟಮ್ ಎಚ್‌ಟಿಎಂಎಲ್’ ಬ್ಲಾಕ್ ಸೇರಿಸಿ ಅದರೊಳಗೆ ಅಂಟಿಸಬೇಕು. ಉಳಿಸಿದ ಮೇಲೆ ಕೋಡ್ ಮಾಯವಾದರೆ ನಿಮ್ಮ ಬಳಕೆದಾರ ಹಂತಕ್ಕೆ ಐಫ್ರೇಮ್ ಹಾಕುವ ಅನುಮತಿ ಇಲ್ಲವೆಂದು ಅರ್ಥ. ನಿರ್ವಾಹಕರ ಖಾತೆಯಿಂದ ಮಾಡಿ. ಬ್ಲಾಗರ್‌ನಲ್ಲಿ ಎಚ್‌ಟಿಎಂಎಲ್ ನೋಟಕ್ಕೆ ಹೋಗಿ ಅಂಟಿಸಿದರಾಯಿತು. ಗೂಗಲ್ ಸೈಟ್ಸ್ ಬಳಸುವವರಿಗೆ ಕೋಡ್ ಕೂಡ ಬೇಡ, ‘ಇನ್ಸರ್ಟ್’ ಪಟ್ಟಿಯಲ್ಲೇ ‘ಕ್ಯಾಲೆಂಡರ್’ ಇದೆ.

ಎಂಬೆಡ್‌ಗೆ ಮಿತಿಯೂ ಇದೆ. ಐಫ್ರೇಮ್‌ನ ಒಳಗಿರುವುದು ಗೂಗಲ್‌ನ ಪುಟ. ನಿಮ್ಮ ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಅದರೊಳಗೆ ಹೋಗುವುದಿಲ್ಲ, ಅಕ್ಷರದ ವಿನ್ಯಾಸ ಬದಲಾಗುವುದಿಲ್ಲ. ಒಂದು ಊರಿನ ಹೆಸರನ್ನು ಹುಡುಕಿದವರಿಗೆ ಸರ್ಚ್ ಎಂಜಿನ್ ನಿಮ್ಮ ಪುಟವನ್ನು ತೋರಿಸುತ್ತದೆ ಎಂದು ನೆಚ್ಚಿಕೊಳ್ಳಲೂ ಆಗದು, ಏಕೆಂದರೆ ಆ ಹೆಸರು ನಿಮ್ಮ ಪುಟದ ಪಠ್ಯದಲ್ಲಿ ಇರುವುದಿಲ್ಲ. ಸಣ್ಣ ಸಂಸ್ಥೆಗೆ ಇಷ್ಟು ಸಾಕು. ಪಟ್ಟಿ ತಾಣದ ಮುಖ್ಯ ಆಕರ್ಷಣೆಯೇ ಆಗಿದ್ದರೆ ಮುಂದಿನ ವಿಧಾನಕ್ಕೆ ಬನ್ನಿ.

ನಿಮ್ಮದೇ ಪಟ್ಟಿ: ಎಪಿಐ ಮೂಲಕ

ಎಪಿಐ ಎಂದರೆ ಒಂದು ಪ್ರೋಗ್ರಾಮ್ ಇನ್ನೊಂದರಿಂದ ಮಾಹಿತಿ ಕೇಳಿ ಪಡೆಯುವ ದಾರಿ. ಇಲ್ಲಿ ಗೂಗಲ್ ಕೊಡುವುದು ಬರಿಯ ಮಾಹಿತಿ, ಅದನ್ನು ಹೇಗೆ ತೋರಿಸಬೇಕೆಂಬುದು ನಿಮಗೆ ಬಿಟ್ಟದ್ದು. ಜಾವಾಸ್ಕ್ರಿಪ್ಟ್‌ನ ಪರಿಚಯ ಇರಬೇಕು.

ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆಯಿರಿ. ಎಪಿಐಗಳ ಲೈಬ್ರರಿಯಲ್ಲಿ ‘ಗೂಗಲ್ ಕ್ಯಾಲೆಂಡರ್ ಎಪಿಐ’ ಹುಡುಕಿ ‘ಎನೇಬಲ್’ ಒತ್ತಿ. ಬಳಿಕ ‘ಕ್ರೆಡೆನ್ಶಿಯಲ್ಸ್’ ಪುಟದಲ್ಲಿ, ಕೋರಿಕೆ ಯಾರದೆಂದು ಗುರುತಿಸುವ ಒಂದು ಎಪಿಐ ಕೀ ರಚಿಸಿ. ಈ ಕೀ ನಿಮ್ಮ ಪುಟದ ಕೋಡ್‌ನಲ್ಲಿ ಯಾರಿಗಾದರೂ ಕಾಣುವಂಥದ್ದು, ಆದ್ದರಿಂದ ಅದಕ್ಕೆ ಎರಡು ಬೇಲಿ ಹಾಕಲೇಬೇಕು. ಇದನ್ನು ಆಮೇಲೆ ಮಾಡಿದರಾಯಿತು ಎಂದು ಮುಂದೂಡಬೇಡಿ. ಮೊದಲನೆಯದು, ನಿಮ್ಮ ತಾಣದ ವಿಳಾಸದಿಂದ ಬಂದ ಕೋರಿಕೆಗೆ ಮಾತ್ರ ಒಪ್ಪಿಗೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಮತ್ತು ಇಲ್ಲದ ಎರಡೂ ರೂಪಗಳನ್ನು ಅಲ್ಲಿ ಸೇರಿಸಿ. ಎರಡನೆಯದು, ಕ್ಯಾಲೆಂಡರ್ ಎಪಿಐ ಬಿಟ್ಟು ಬೇರೆ ಯಾವುದಕ್ಕೂ ಆ ಕೀ ಬಳಕೆಯಾಗದಂತೆ ನಿರ್ಬಂಧ. ಇಂತಹ ಕೀ ಸಾರ್ವಜನಿಕ ಕ್ಯಾಲೆಂಡರ್‌ಗಳನ್ನು ಓದಬಲ್ಲದು, ಯಾವುದನ್ನೂ ತಿದ್ದಲಾರದು.

ಈಗ ಕ್ಯಾಲೆಂಡರ್ ಎಪಿಐಯ ಮೂರನೇ ಆವೃತ್ತಿಯ ವಿಳಾಸಕ್ಕೆ ನಿಮ್ಮ ಕ್ಯಾಲೆಂಡರ್ ಐಡಿ ಸೇರಿಸಿ, ಕೊನೆಗೆ ‘ಇವೆಂಟ್ಸ್’ ಎಂದು ಹಾಕಿ ‘ಫೆಚ್’ ಮೂಲಕ ಕೋರಬೇಕು. ಐಡಿಯಲ್ಲಿರುವ ‘ಆ್ಯಟ್’ ಚಿಹ್ನೆಯನ್ನು ವಿಳಾಸಕ್ಕೆ ಒಗ್ಗುವಂತೆ ಎನ್‌ಕೋಡ್ ಮಾಡಿ. ಜೊತೆಗೆ ಕಳುಹಿಸಬೇಕಾದ ಅಂಶಗಳಲ್ಲಿ ನಾಲ್ಕು ಮುಖ್ಯ.

‘ಟೈಮ್ ಮಿನ್’ಗೆ ಈ ಕ್ಷಣದ ಸಮಯವನ್ನು ವಲಯದ ಗುರುತಿನೊಂದಿಗೆ ಕೊಡಿ. ಇದರಲ್ಲಿ ನಮಗೆ ಅನುಕೂಲವಾದ ಒಂದು ಗುಣವಿದೆ: ಇದು ಹೋಲಿಸಿ ನೋಡುವುದು ಕಾರ್ಯಕ್ರಮದ ಮುಕ್ತಾಯದ ಸಮಯದೊಂದಿಗೆ, ಆರಂಭದೊಂದಿಗೆ ಅಲ್ಲ. ಹಾಗಾಗಿ ರಾತ್ರಿ 9.30ಕ್ಕೆ ಶುರುವಾದ ಆಟ ನಡುರಾತ್ರಿ ಕಳೆದರೂ ಪಟ್ಟಿಯಲ್ಲಿ ಉಳಿದು, ಬೆಳಗ್ಗೆ ಮಂಗಳ ಹಾಡಿದ ಮೇಲೆಯೇ ಕೆಳಗಿಳಿಯುತ್ತದೆ. ‘ಸಿಂಗಲ್ ಇವೆಂಟ್ಸ್’ ಅನ್ನು ‘ಟ್ರೂ’ ಮಾಡಿದರೆ ಪುನರಾವರ್ತಿಸುವ ಕಾರ್ಯಕ್ರಮಗಳು ಒಂದೊಂದಾಗಿ ಬಿಡಿಸಿ ಬರುತ್ತವೆ. ‘ಆರ್ಡರ್ ಬೈ’ಗೆ ‘ಸ್ಟಾರ್ಟ್ ಟೈಮ್’ ಕೊಟ್ಟರೆ ಪಟ್ಟಿ ದಿನಾಂಕದ ಕ್ರಮದಲ್ಲಿ ಸಿಗುತ್ತದೆ, ಆದರೆ ಹಿಂದಿನ ಅಂಶ ‘ಟ್ರೂ’ ಆಗಿದ್ದರೆ ಮಾತ್ರ. ‘ಮ್ಯಾಕ್ಸ್ ರಿಸಲ್ಟ್ಸ್’ ಹೇಳದಿದ್ದರೆ ಒಮ್ಮೆಗೆ 250ರವರೆಗೆ ಬರುತ್ತವೆ. ಮುಖಪುಟಕ್ಕೆ 10 ಸಾಕು.

ಉತ್ತರವಾಗಿ ಬರುವ ಜೇಸನ್‌ನಲ್ಲಿ ‘ಐಟಮ್ಸ್’ ಎಂಬ ಸಾಲುಪಟ್ಟಿಯಿದೆ. ಒಂದೊಂದರಲ್ಲೂ ಶೀರ್ಷಿಕೆ ‘ಸಮ್ಮರಿ’ ಎಂಬ ಹೆಸರಿನಲ್ಲಿ, ಜಾಗ ‘ಲೊಕೇಶನ್’ ಎಂಬ ಹೆಸರಿನಲ್ಲಿ ಇರುತ್ತದೆ. ಶೀರ್ಷಿಕೆಯನ್ನು ಪುಟದಲ್ಲಿ ಬರೆಯುವಾಗ ‘ಟೆಕ್ಸ್ಟ್ ಕಂಟೆಂಟ್’ ಬಳಸಿ. ವಿವರಣೆಯಲ್ಲಿ ಎಚ್‌ಟಿಎಂಎಲ್ ಇರಬಹುದಾದ್ದರಿಂದ ಅದನ್ನು ಶುದ್ಧಗೊಳಿಸದೆ ಹಾಗೆಯೇ ಪುಟಕ್ಕೆ ಸುರಿಯುವುದು ಅಪಾಯ.

ದಿನಾಂಕದ ವಿಷಯದಲ್ಲಿ ಸ್ವಲ್ಪ ನಿಂತು ನೋಡಬೇಕು. ಸಮಯವಿರುವ ಕಾರ್ಯಕ್ರಮಕ್ಕೆ ‘ಡೇಟ್ ಟೈಮ್’ ಬರುತ್ತದೆ, ಇಡೀ ದಿನದ ಕಾರ್ಯಕ್ರಮಕ್ಕೆ ಬರಿಯ ‘ಡೇಟ್’ ಬರುತ್ತದೆ. ರಾಜ್ಯೋತ್ಸವವನ್ನು ಇಡೀ ದಿನದ ಕಾರ್ಯಕ್ರಮವಾಗಿ ಸೇರಿಸಿದ್ದೀರಿ ಎನ್ನೋಣ. 2025-11-01 ಎಂಬ ಈ ಬರಿಯ ದಿನಾಂಕವನ್ನು ಜಾವಾಸ್ಕ್ರಿಪ್ಟ್ ಯುಟಿಸಿಯ (ಜಾಗತಿಕ ಆಧಾರ ಸಮಯದ) ನಡುರಾತ್ರಿ ಎಂದು ಓದುತ್ತದೆ. ಬೆಂಗಳೂರಿನಲ್ಲಿ ಅದು ನವೆಂಬರ್ 1ರ ಬೆಳಗಿನ 5.30, ತೊಂದರೆ ಕಾಣುವುದಿಲ್ಲ. ನ್ಯೂಜೆರ್ಸಿಯ ಕನ್ನಡಿಗನ ಬ್ರೌಸರ್‌ನಲ್ಲಿ ಅದು ಅಕ್ಟೋಬರ್ 31ರ ಸಂಜೆಯಾಗಿ, ರಾಜ್ಯೋತ್ಸವ ಒಂದು ದಿನ ಮೊದಲೇ ಬಂದುಬಿಡುತ್ತದೆ. ಕರ್ನಾಟಕದಲ್ಲೇ ಕುಳಿತು ಪರೀಕ್ಷಿಸುವವರಿಗೆ ಈ ದೋಷ ಎಂದೂ ಕಣ್ಣಿಗೆ ಬೀಳುವುದಿಲ್ಲ. ಇಡೀ ದಿನದ ಕಾರ್ಯಕ್ರಮಗಳ ದಿನಾಂಕವನ್ನು ಪುಟದಲ್ಲಿ ಬರೆಯುವಾಗ ಸಮಯ ವಲಯವನ್ನು ಯುಟಿಸಿ ಎಂದೇ ಕೊಟ್ಟರೆ ಇದು ಸರಿಹೋಗುತ್ತದೆ. ಜೊತೆಗೆ, ಇಡೀ ದಿನದ ಕಾರ್ಯಕ್ರಮದ ಮುಕ್ತಾಯವಾಗಿ ಬರುವುದು ಕೊನೆಯ ದಿನದ ಮರುದಿನ. 1ರಿಂದ 3ರವರೆಗಿನ ಉತ್ಸವಕ್ಕೆ 4 ಎಂದು ಬರುತ್ತದೆ, ಒಂದು ದಿನ ಕಳೆದು ತೋರಿಸಿ.

ಸಮಯವಿರುವ ಕಾರ್ಯಕ್ರಮಗಳಿಗೆ ವಲಯ ಏಷ್ಯಾ/ಕೋಲ್ಕತ್ತಾ ಇರಲಿ. ಆನ್‌ಲೈನ್ ನೇರಪ್ರಸಾರವಿದ್ದರೆ ನೋಡುಗರ ಊರಿನ ಸಮಯವನ್ನೂ ಪಕ್ಕದಲ್ಲಿ ತೋರಿಸಿ, ಹೊರನಾಡಿನವರು ಲೆಕ್ಕ ಹಾಕುವ ಕಷ್ಟ ತಪ್ಪುತ್ತದೆ. ಕನ್ನಡದ ತಿಂಗಳ ಹೆಸರುಗಳ ಪಟ್ಟಿಯನ್ನು ನೀವೇ ಬರೆದುಕೊಳ್ಳಬೇಕಾಗಿಲ್ಲ. ಬ್ರೌಸರ್‌ನಲ್ಲೇ ಇರುವ ‘ಇಂಟ್ಲ್ ಡೇಟ್ ಟೈಮ್ ಫಾರ್ಮ್ಯಾಟ್’ಗೆ ಕನ್ನಡದ ಲೊಕೇಲ್ ಕೊಟ್ಟರೆ ‘ಶನಿವಾರ, ನವೆಂಬರ್ 1, 2025’ ಎಂದು ಅದೇ ಬರೆಯುತ್ತದೆ.

ಬ್ರೌಸರ್‌ನಲ್ಲಿ ಪ್ರತಿ ಸಲ ಕೋರುವುದರ ಬದಲು ಸರ್ವರ್‌ನಲ್ಲಿ ಗಂಟೆಗೊಮ್ಮೆ ಮಾಹಿತಿ ತಂದು ಪುಟವನ್ನು ಮೊದಲೇ ಸಿದ್ಧಪಡಿಸಿಡುವುದು ಇನ್ನೂ ಉತ್ತಮ. ಆ ಕೋರಿಕೆ ಬರುವುದು ಸರ್ವರ್‌ನಿಂದಾದ್ದರಿಂದ, ಅದಕ್ಕೆ ತಾಣದ ವಿಳಾಸದ ಬೇಲಿಯ ಬದಲು ಸರ್ವರ್‌ನ ಐಪಿ ವಿಳಾಸದ ಬೇಲಿ ಹಾಕಿದ ಬೇರೆ ಕೀ ಬೇಕು. ಹೀಗೆ ಮಾಡಿದರೆ ಪುಟ ಬೇಗ ತೆರೆಯುತ್ತದೆ, ಊರುಗಳ ಹೆಸರು ಸರ್ಚ್ ಎಂಜಿನ್‌ಗಳಿಗೆ ನೇರವಾಗಿ ಸಿಗುತ್ತದೆ, ಕೀ ಕೂಡ ಬಯಲಾಗುವುದಿಲ್ಲ.

ಚಂದಾದಾರರಾಗುವ ಕೊಂಡಿ

ಪಟ್ಟಿಯ ಕೆಳಗೆ ‘ನಿಮ್ಮ ಫೋನಿನ ಕ್ಯಾಲೆಂಡರ್‌ಗೆ ಸೇರಿಸಿಕೊಳ್ಳಿ’ ಎಂಬ ಕೊಂಡಿ ಇರಲಿ. ‘ಇಂಟಿಗ್ರೇಟ್ ಕ್ಯಾಲೆಂಡರ್’ ಭಾಗದ ಸಾರ್ವಜನಿಕ ಐಕ್ಯಾಲ್ ವಿಳಾಸವೇ ಅದು. ಐಕ್ಯಾಲೆಂಡರ್ ಎಂಬ ಈ ಮಾನದಂಡ 1998ರಷ್ಟು ಹಳೆಯದು, ಆ್ಯಪಲ್ ಕ್ಯಾಲೆಂಡರ್, ಔಟ್‌ಲುಕ್ ಎಲ್ಲವೂ ಅದನ್ನು ಓದುತ್ತವೆ. ಚಂದಾದಾರರಿಗೆ ಬದಲಾವಣೆ ತಲುಪಲು ಹಲವು ಗಂಟೆ ಹಿಡಿಯಬಹುದು, ಹಾಗಾಗಿ ಅದೇ ದಿನದ ಬದಲಾವಣೆಗೆ ಇದನ್ನೇ ನಂಬಿಕೊಳ್ಳಬೇಡಿ. ಅಲ್ಲಿಯೇ ‘ಸೀಕ್ರೆಟ್ ಅಡ್ರೆಸ್’ ಎಂಬ ಇನ್ನೊಂದು ವಿಳಾಸವಿದೆ. ಅದನ್ನು ಪಡೆದ ಯಾರೇ ಆದರೂ ಖಾಸಗಿ ಕ್ಯಾಲೆಂಡರ್ ಅನ್ನೂ ಓದಬಹುದು. ಕಣ್ತಪ್ಪಿ ತಾಣದಲ್ಲಿ ಹಾಕಿದ್ದರೆ ಪಕ್ಕದ ‘ರೀಸೆಟ್’ ಒತ್ತಿ ಹಳೆಯ ವಿಳಾಸವನ್ನು ನಿಷ್ಕ್ರಿಯಗೊಳಿಸಿ.

ಕಾಣದಿದ್ದರೆ ಎಲ್ಲಿ ಹುಡುಕಬೇಕು

ಮೊದಲ ಪರೀಕ್ಷೆ ಯಾವಾಗಲೂ ಇನ್‌ಕಾಗ್ನಿಟೊ ಕಿಟಕಿಯಲ್ಲಿ. ನಿಮ್ಮ ಖಾತೆಗೆ ಲಾಗಿನ್ ಆಗಿರುವಾಗ ಖಾಸಗಿ ಕ್ಯಾಲೆಂಡರ್ ಕೂಡ ನಿಮಗೆ ಕಾಣುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಎಂಬೆಡ್ ಜಾಗ ಪೂರ್ತಿ ಬಿಳಿಯಾಗಿದ್ದರೆ ತಾಣದ ಭದ್ರತಾ ನೀತಿ ಹೊರಗಿನ ಐಫ್ರೇಮ್‌ಗಳನ್ನು ತಡೆಯುತ್ತಿದೆಯೇ ನೋಡಿ. ಎಪಿಐ ಬಳಸುವಾಗ 404 ಬಂದರೆ ಕ್ಯಾಲೆಂಡರ್ ಸಾರ್ವಜನಿಕವಾಗಿಲ್ಲ ಅಥವಾ ಐಡಿ ತಪ್ಪಾಗಿದೆ. 403 ಬಂದರೆ ಹೆಚ್ಚಾಗಿ ಕೀ ಸುತ್ತ ಹಾಕಿದ ವಿಳಾಸದ ನಿರ್ಬಂಧ ನಿಮ್ಮ ತಾಣಕ್ಕೆ ಹೊಂದುತ್ತಿಲ್ಲ, ಇಲ್ಲವೇ ಎಪಿಐ ಎನೇಬಲ್ ಆಗಿಲ್ಲ. 400 ಬಂದರೆ ಸಮಯದ ಬರವಣಿಗೆಯನ್ನು ಪರಿಶೀಲಿಸಿ, ವಲಯದ ಗುರುತು ಬಿಟ್ಟುಹೋಗಿರುತ್ತದೆ.

ಕೋರಿಕೆ ವಿಫಲವಾದಾಗ ಪುಟ ಖಾಲಿ ಬಿಡಬೇಡಿ. ಕ್ಯಾಲೆಂಡರ್‌ನ ಸಾರ್ವಜನಿಕ ವಿಳಾಸದ ಕೊಂಡಿ ಮತ್ತು ಕಚೇರಿಯ ದೂರವಾಣಿ ಸಂಖ್ಯೆ ಅಲ್ಲಿ ಮೂಡುವಂತೆ ಮಾಡಿ. ಕೋರಿಕೆ ಸಫಲವಾಗಿಯೂ ಒಂದೂ ಕಾರ್ಯಕ್ರಮ ಇಲ್ಲದಿರುವುದು ಬೇರೆಯೇ ಸಂದರ್ಭ. ಪತ್ತನಾಜೆ ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ತಿಂಗಳುಗಟ್ಟಲೆ ಪಟ್ಟಿ ಖಾಲಿಯೇ ಇರುತ್ತದೆ. ಆಗ ತಾಣ ಕೆಟ್ಟಿದೆ ಎಂದು ಜನ ಭಾವಿಸದಂತೆ ‘ಈ ವರ್ಷದ ತಿರುಗಾಟ ಮುಗಿದಿದೆ, ಹೊಸ ಪಟ್ಟಿ ದೀಪಾವಳಿಯ ಹೊತ್ತಿಗೆ ಬರುತ್ತದೆ, ಹರಕೆ ಆಟ ನೋಂದಾಯಿಸಲು ಕಚೇರಿಯನ್ನು ಸಂಪರ್ಕಿಸಿ’ ಎಂಬ ಸಾಲುಗಳನ್ನು ಕೋಡ್‌ನಲ್ಲಿ ಮೊದಲೇ ಬರೆದಿಡಿ.